ಕ್ಯಾಮೆರಾದ ಹಿಂದೆ ನಿಂತವನು

"ನೋವು ಬೆನ್ನಿನ ಕಡೆಗೂ ಹೋಗ್ತಾ ಇದೆಯಾ?"

ಡಾಕ್ಟರ್ ಕೊಲೆಟ್ ಕೇಳಿದ ಪ್ರಶ್ನೆಗೆ ಪರದೆಯ ಮೇಲಿದ್ದ ಮುದುಕ ತಕ್ಷಣ ಉತ್ತರಿಸಲಿಲ್ಲ. ಅವನ ಕಣ್ಣು ಕ್ಯಾಮೆರಾ ಬಿಟ್ಟು ಪಕ್ಕಕ್ಕೆ ಸರಿಯಿತು. ಅಲ್ಲಿ ಯಾರನ್ನೋ ನೋಡಿತು. ಆಮೇಲೆ ವಾಪಸ್ ಬಂತು.

"ಇಲ್ಲ" ಎಂದ.

ತಲೆ ಸುತ್ತುತ್ತಿದೆಯಾ ಎಂದು ಕೇಳಿದಳು. ಮತ್ತೆ ಅದೇ ಕಣ್ಣು, ಅದೇ ಪಕ್ಕ. ಮತ್ತೆ "ಇಲ್ಲ."

ಕೊಲೆಟ್ ಕುರ್ಚಿಯಲ್ಲಿ ನೆಟ್ಟಗೆ ಕೂತಳು. "ಕ್ಯಾಮೆರಾ ಹಿಂದೆ ಯಾರಿದ್ದೀರಿ? ಸ್ವಲ್ಪ ಮುಂದೆ ಬನ್ನಿ."

ಮೊದಲು ಚೌಕಳಿ ಅಂಗಿಯ ಒಂದು ತೋಳು ಕಾಣಿಸಿತು. ಆಮೇಲೆ ಮುಖ. ನಲವತ್ತು ದಾಟಿದ, ಗಡ್ಡದ ತುದಿಯಲ್ಲಿ ಹಿಮ ಕರಗುತ್ತಿದ್ದ ಗಂಡಸು. ಹೆಸರು ಎಸ್ಕೊ ನಿಯೆಮಿ, ಈ ಊರಿನ ಸಹಾಯಕ ಎಂದು ಪರಿಚಯ ಹೇಳಿಕೊಂಡ. ಹೇಳುವಾಗ ಅವಳ ಮುಖದಿಂದ ದೃಷ್ಟಿ ಕೀಳಲೇ ಇಲ್ಲ. ಅಷ್ಟು ದಿಟ್ಟಿಸಿ ನೋಡುವುದಕ್ಕೆ ಇವನಿಗೇನು ಅಧಿಕಾರ!

"ಉತ್ತರ ಹೇಳ್ತಿರೋದು ಅವರೋ, ನೀವೋ?" ಎಂದಳು.

"ನೋವು ಅವರದ್ದು. ಉತ್ತರಾನೂ ಅವರದ್ದೇ."

ಆ ದಿನ ಮುದುಕ ಅರ್ಮಾಸ್‌ನ ಹೊಟ್ಟೆನೋವು ಬರೀ ಅಜೀರ್ಣ ಎಂದು ತೀರ್ಮಾನವಾಯಿತು. ಆದರೆ ಕೊಲೆಟ್‌ಳ ಮನಸ್ಸಿನಲ್ಲಿ ಹೊಕ್ಕ ಅನುಮಾನಕ್ಕೆ ಮಾತ್ರ ಯಾವ ಔಷಧಿಯೂ ಸಿಗಲಿಲ್ಲ.

ಅನುಮಾನ ಅವಳಿಗೆ ಹುಟ್ಟಿನಿಂದ ಬಂದದ್ದಲ್ಲ, ಅಪ್ಪನಿಂದ ಬಂದದ್ದು. ಅವಳಪ್ಪ ಮಾಜಿ ಸೈನಿಕ. ಹೊಟ್ಟೆ ಹಿಡಿದುಕೊಂಡು ಕೂತಿದ್ದರೂ ಕೇಳಿದವರಿಗೆಲ್ಲ "ಏನಿಲ್ಲ" ಎನ್ನುತ್ತಿದ್ದ. ಕೊನೆಗೆ ಆಸ್ಪತ್ರೆ ಇನ್ನೂ ದೂರ ಇರುವಾಗಲೇ, ತನ್ನ ಟ್ರಕ್ಕಿನ ಸ್ಟೀರಿಂಗ್ ಮೇಲೆ ತಲೆಯಿಟ್ಟು ಹೋಗಿಬಿಟ್ಟ. ಅವತ್ತಿನಿಂದ ಕೊಲೆಟ್ ಯಾವ ಸೈನಿಕನ "ಏನಿಲ್ಲ"ವನ್ನೂ ನಂಬಿದವಳಲ್ಲ.

ಆ ಅಪನಂಬಿಕೆಯಿಂದಲೇ ಈ ಕಾರ್ಯಕ್ರಮ ಹುಟ್ಟಿತ್ತು. ನಗರದ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಪರದೆಗಳ ಮುಂದೆ ಡಾಕ್ಟರುಗಳು ಕೂರುತ್ತಾರೆ. ಲೇಕ್ ಸುಪೀರಿಯರ್ ಸರೋವರದ ದಂಡೆಯ ಹಳೇ ಗಣಿ ಊರುಗಳಲ್ಲಿ, ರಸ್ತೆ ಮುಚ್ಚುವ ಹಿಮದ ನಡುವೆ ಮಾಜಿ ಸೈನಿಕರಿಗೆ ಏನಾದರೂ ಆದರೆ, ಊರಿನ ಸಹಾಯಕ ಟ್ಯಾಬ್ಲೆಟ್ಟು, ಸ್ಟೆತಸ್ಕೋಪು ಹಿಡಿದು ಮನೆಗೆ ಓಡುತ್ತಾನೆ. ಎದೆಬಡಿತ ಇಲ್ಲಿ ಕೊಲೆಟ್‌ಳ ಕಿವಿಗೆ ಕೇಳಿಸುತ್ತದೆ. ರೋಗಿಯ ಮುಂದೆ ಒಂದು ಪರದೆ, ಸಹಾಯಕನ ಕೈಯಲ್ಲಿ ಅದೇ ಕರೆಯ ಇನ್ನೊಂದು ಪುಟ್ಟ ಪರದೆ. ಎಲ್ಲವನ್ನೂ ಕಟ್ಟಿ ನಿಲ್ಲಿಸಿದವಳು, ಯಾವ ಪ್ರಶ್ನೆ ಮೊದಲು ಕೇಳಬೇಕು ಎನ್ನುವವರೆಗೆ ಬರೆದುಕೊಟ್ಟವಳು ಅವಳೇ.

ಬೇರೆ ಊರಿನ ಮಾಜಿ ಸೈನಿಕರು ಪರದೆಯ ಮೇಲೆ ಬೈಯುತ್ತಿದ್ದರು, ತಮಾಷೆ ಮಾಡುತ್ತಿದ್ದರು, ಅವಳ ಕೂದಲು ಕತ್ತರಿಸಿದ್ದು ಚೆನ್ನಾಗಿಲ್ಲ ಎಂದು ಮುಖಕ್ಕೇ ಹೇಳುತ್ತಿದ್ದರು. ಎಸ್ಕೊನ ಊರಿನವರು ಮಾತ್ರ ಮೊದಲು ಪಕ್ಕಕ್ಕೆ ನೋಡಿ, ಆಮೇಲೆ ಹೌದು, ಇಲ್ಲ. ಅಷ್ಟೇ.

"ಆ ಮನುಷ್ಯ ಕ್ಯಾಮೆರಾ ಹಿಂದೆ ನಿಂತು ಏನೋ ಆಡಿಸ್ತಿದಾನೆ ಕಣಮ್ಮ" ಎಂದಳು ಡೋರೀನ್. ಸೈನ್ಯದಲ್ಲಿ ನರ್ಸ್ ಆಗಿದ್ದು ಈಗ ಕೊಲೆಟ್‌ಳ ಬಲಗೈ ಆಗಿದ್ದ ಡೋರೀನ್‌ಗೆ ನಾಲಿಗೆಯ ಮೇಲೆ ಹಿಡಿತ ಕಡಿಮೆ. "ಆದ್ರೂ ನೀನು ಅವನ ಊರಿನ ಕರೆ ಬಂದ್ರೆ ಬೇರೆಯವರಿಗೆ ಬಿಡಲ್ಲ. ಯಾಕಮ್ಮಾ?"

"ಕಣ್ಣಿಡಬೇಕಲ್ಲ, ಅದಕ್ಕೆ."

"ಹೂಂ. ಇಡು, ಇಡು."

ಕೊಲೆಟ್‌ಳ ಕೆನ್ನೆ ಬಿಸಿಯಾಯಿತು. ನಿಜ ಹೇಳಬೇಕೆಂದರೆ, ಅಷ್ಟರಲ್ಲಿ ಕರೆ ಮುಗಿದ ಮೇಲೂ ಅವರಿಬ್ಬರ ಮಾತು ಸ್ವಲ್ಪ ಸ್ವಲ್ಪ ಉಳಿದುಕೊಳ್ಳಲು ಶುರುವಾಗಿತ್ತು. ಅವನು ನೌಕಾಪಡೆಯಲ್ಲಿ ಗಾಯಾಳುಗಳನ್ನು ನೋಡಿಕೊಳ್ಳುವ ವೈದ್ಯ ಸಹಾಯಕನಾಗಿದ್ದನಂತೆ. ಒಬ್ಬನೇ ಇರುತ್ತಾನಂತೆ. ಅಜ್ಜಿ ಮಾಡುತ್ತಿದ್ದ ಹಾಗೆ ಪೇಸ್ಟಿ ಎಂಬ ಮಾಂಸದ ಕಡುಬು ಮಾಡಲು ಹೋಗಿ ಪ್ರತಿ ಸಲ ತಳ ಸೀಯಿಸುತ್ತಾನಂತೆ. ಒಂದು ದಿನ ಟ್ಯಾಬ್ಲೆಟ್ಟನ್ನು ಕಿಟಕಿಗೆ ಹಿಡಿದು, ಹೆಪ್ಪುಗಟ್ಟಿದ ಸರೋವರ ತೋರಿಸಿದ್ದ. ಅವಳು ಏನು ಹೇಳಿದರೂ ಅವನಷ್ಟು ಗಮನವಿಟ್ಟು ಕೇಳಿದವರನ್ನು ಅವಳು ಬೇರೆ ಕಂಡಿರಲಿಲ್ಲ.

ಇಷ್ಟು ಒಳ್ಳೆಯವನು ಇವನಾ? ಹಾಗಾದರೆ ಕ್ಯಾಮೆರಾದ ಹಿಂದೆ ಏನು ಮುಚ್ಚಿಡುತ್ತಿದ್ದಾನೆ?

ಒಂದು ಸಂಜೆ ಧೈರ್ಯ ಮಾಡಿದಳು. ಮುಖ ನೋಡಿ ಹೇಳಲು ನಾಚಿಕೆ, ಕಾಫಿ ಲೋಟದ ಮೇಲೆ ತಲೆ ಬಗ್ಗಿಸಿಕೊಂಡು, "ಆ ಸರೋವರಾನ ಒಂದ್ಸಲ ನಿಮ್ಮ ಜೊತೆ ನಿಂತು ನೋಡ್ಬೇಕು ಅಂತ ಆಸೆ" ಎಂದಳು.

"ಆಯ್ತು ಡಾಕ್ಟರ್. ನಾಳೆ ಅರ್ಮಾಸ್ ಬಿಪಿ ಕಳಿಸ್ತೀನಿ" ಎಂದ ಎಸ್ಕೊ. ಕರೆ ಮುಗಿಯಿತು.

ಕೊಲೆಟ್ ಕಪ್ಪು ಪರದೆಯನ್ನೇ ನೋಡುತ್ತ ಕೂತಳು. ಅವಮಾನದಿಂದ ಕಣ್ಣು ಉರಿಯಿತು. ಇಷ್ಟು ದಿನದ ಸ್ನೇಹವೆಲ್ಲ ತನ್ನ ಗಮನ ಬೇರೆಡೆ ಸೆಳೆಯುವ ನಾಟಕವೇ? ಅನುಮಾನಕ್ಕೆ ನೋವೂ ಸೇರಿದರೆ ಅದು ಸುಮ್ಮನಿರುತ್ತದೆಯೇ? ಅವನು ಏನು ಮುಚ್ಚಿಡುತ್ತಿದ್ದಾನೋ ಹಿಡಿದೇ ತೀರಬೇಕು, ಹಿಡಿದರೆ ಅವನನ್ನು ಕೆಲಸದಿಂದ ತೆಗೆಯಲೇಬೇಕು ಎಂದು ನಿಶ್ಚಯಿಸಿದಳು. ಆಮೇಲೆ ಆ ಮುಖವನ್ನು ಮತ್ತೆ ನೋಡುವಂತಿಲ್ಲ ಎಂಬುದೂ ಅವಳಿಗೆ ಗೊತ್ತಿತ್ತು.

ಅವಕಾಶ ಬೇಗನೇ ಸಿಕ್ಕಿತು. ಅರ್ಮಾಸ್‌ಗೆ ಎದೆಯ ಹತ್ತಿರ ನೋವು. ಎಸ್ಕೊ ಎದುರಿಗಿದ್ದಾಗ ಕೇಳಿದರೆ ಎಲ್ಲಕ್ಕೂ "ಇಲ್ಲ." ಕೊಲೆಟ್, ಅಡುಗೆಮನೆಯಿಂದ ಅವರ ಮಾತ್ರೆಗಳನ್ನೆಲ್ಲ ತನ್ನಿ ಎಂದು ಎಸ್ಕೊನನ್ನು ಕಳಿಸಿದಳು. ಅವನು ಒಂದು ಕ್ಷಣ ತಡೆದು, ಹೋದ.

"ನೋವು ಎಡಗೈಗೆ ಇಳೀತಾ ಇದೆಯಾ, ಅರ್ಮಾಸ್?"

ಮುದುಕ ಮುಗುಳ್ನಕ್ಕ. "ಹೌದು."

"ಉಸಿರು ಕಟ್ಟಿದ ಹಾಗೆ ಆಗುತ್ತಾ?"

"ಹೌದು, ಹೌದು."

ಸ್ಟೀರಿಂಗ್ ಮೇಲಿನ ಅಪ್ಪನ ತಲೆ ಕಣ್ಮುಂದೆ ಬಂತು. ಎಸ್ಕೊ ವಾಪಸ್ ಬರುವಷ್ಟರಲ್ಲಿ ಡೋರೀನ್ ಹೆಲಿಕಾಪ್ಟರ್ ಕರೆಸಿಯಾಗಿತ್ತು.

ಇದು ಹೃದಯವಲ್ಲ, ಬೆಳಿಗ್ಗೆ ಹಿಮ ಎತ್ತುವಾಗ ಭುಜ ಉಳುಕಿದೆ ಅಷ್ಟೇ ಎಂದು ಎಸ್ಕೊ ಹೇಳಿದ. ಅರ್ಮಾಸ್ ತಾನೇ ಹೌದೆಂದು ಒಪ್ಪಿಕೊಂಡನಲ್ಲ ಎಂದಳು ಕೊಲೆಟ್. ಎಸ್ಕೊ ಮುದುಕನ ಕಡೆ ನೋಡಿದ. ಮುದುಕ ಮೆಲ್ಲಗೆ ತಲೆ ಅಲ್ಲಾಡಿಸಿದ, ಬೇಡ ಎನ್ನುವಂತೆ. ಎಸ್ಕೊ ಏನೋ ಹೇಳಲು ತೆರೆದ ಬಾಯಿ ಮುಚ್ಚಿಕೊಂಡ.

ಅದನ್ನೂ ಕೊಲೆಟ್ ನೋಡಿದಳು.

"ಏನಿದು ಸನ್ನೆ? ಏನು ಮುಚ್ಚಿಡ್ತಿದ್ದೀರಿ ಇಬ್ಬರೂ?"

"ನಾನು ಹೇಳೋ ಹಾಗಿಲ್ಲ, ಡಾಕ್ಟರ್."

"ಹಾಗಾದ್ರೆ ಇವತ್ತಿಂದ ನೀವು ಆ ಟ್ಯಾಬ್ಲೆಟ್ ಮುಟ್ಟೋ ಹಾಗೂ ಇಲ್ಲ."

ಅವನ ಮುಖ ಬಿಳಚಿಕೊಂಡಿತು. ಕೈಯಲ್ಲಿದ್ದ ಪುಟ್ಟ ಪರದೆಯನ್ನು ಮೇಜಿನ ಮೇಲಿಟ್ಟ. ಕೊಲೆಟ್ ಗೆದ್ದಿದ್ದಳು. ಗೆದ್ದವಳು ಮನೆಗೆ ಹೋಗಿ ಅತ್ತಳು.

ಮರುದಿನ ಪರೀಕ್ಷೆಯ ವರದಿಗಳೆಲ್ಲ ಬಂದವು. ಅರ್ಮಾಸ್‌ನ ಹೃದಯ ಗಟ್ಟಿಮುಟ್ಟಾಗಿತ್ತು. ಭುಜ ಉಳುಕಿತ್ತು.

ಕೊಲೆಟ್ ಗೊಂದಲದಿಂದಲೇ ಆಸ್ಪತ್ರೆಯ ಅವನ ಕೋಣೆಗೆ ಹೋದಳು. ಅವನು ಬಾಗಿಲಿಗೆ ಬೆನ್ನು ಹಾಕಿ ಕಿಟಕಿಯಾಚೆ ನೋಡುತ್ತಿದ್ದ. ಹೆಸರು ಹಿಡಿದು ಕರೆದಳು. ಮಿಸುಕಲಿಲ್ಲ. ಇನ್ನೊಮ್ಮೆ, ಜೋರಾಗಿ ಕರೆದಳು. ಇಲ್ಲ. ಹತ್ತಿರ ಹೋದಾಗ ಬೆಚ್ಚಿಬಿದ್ದು ತಿರುಗಿ, ಅದೇ ಮುಗುಳ್ನಗೆ ನಕ್ಕ.

ತಿಂಡಿ ಯಾಕೆ ಮುಟ್ಟಿಲ್ಲ ಎಂದು ಮಾಸ್ಕಿನ ಒಳಗಿನಿಂದಲೇ ಕೇಳಿದಳು.

"ಹೌದು, ಹೌದು" ಎಂದ ಅರ್ಮಾಸ್.

ಕೊಲೆಟ್ ನಿಂತಲ್ಲೇ ನಿಂತಳು. ಆಮೇಲೆ ಮಾಸ್ಕು ತೆಗೆದು, ಅವನೆದುರು ಕೂತು, ನಿಧಾನವಾಗಿ ಕೇಳಿದಳು. "ಅರ್ಮಾಸ್... ನಿಮಗೆ ಕೇಳಿಸ್ತಾ ಇಲ್ಲ, ಅಲ್ವಾ?"

ಮುದುಕನ ನಗೆ ಇಳಿಯಿತು. ತನ್ನ ಕೈಗಳನ್ನೇ ನೋಡಿಕೊಂಡು ಬಾಯಿ ಬಿಟ್ಟ. ಫಿರಂಗಿಯ ಪಕ್ಕ ನಿಂತು ದುಡಿದವರು ನಾವು, ಊರಿನ ಮಾಜಿ ಸೈನಿಕರಲ್ಲಿ ಬಹುಪಾಲು ಎಲ್ಲರದ್ದೂ ಇದೇ ಕಥೆ. ಎದುರಿಗೆ ಕೂತವರ ತುಟಿ ನೋಡಿ ಹೇಗೋ ಸಂಭಾಳಿಸುತ್ತೇವೆ, ಆದರೆ ನಿಮ್ಮ ಪರದೆಯಲ್ಲಿ ಮುಖ ಆಗಾಗ ನಿಂತುಹೋಗುತ್ತದೆ, ತುಟಿ ಒಂದು ಕಡೆ ಮಾತು ಒಂದು ಕಡೆ. ಅದಕ್ಕೆ ಎಸ್ಕೊ ಹಿಂದೆ ನಿಂತು ನಿಮ್ಮ ಪ್ರಶ್ನೆಯನ್ನು ಕೈಸನ್ನೆಯಲ್ಲಿ ಹೇಳುತ್ತಾನೆ, ನಾವು ಉತ್ತರ ಕೊಡುತ್ತೇವೆ.

"ಅವನಿಲ್ದಾಗ ಎಲ್ಲಕ್ಕೂ ಹೌದು ಅಂದ್ಬಿಡ್ತೀನಿ. ಹೌದು ಅಂದ್ರೆ ಜನ ಬೇಗ ಸುಮ್ನಾಗ್ತಾರೆ."

ಯಾಕೆ ಹೇಳಲಿಲ್ಲ ಎಂದು ಕೊಲೆಟ್ ಕೇಳಿದಳು. ಊರಿನ ರಸ್ತೆಯ ಹಿಮ ತಳ್ಳುವ ಲಾರಿ ಅವನೇ ಓಡಿಸುವುದಂತೆ. ಕಿವುಡ ಎಂದು ಗೊತ್ತಾದರೆ ಲೈಸೆನ್ಸು ಹೋಗುತ್ತದೆ, ಆಮೇಲೆ ಕಿಟಕಿ ಪಕ್ಕ ಕೂತು ಸಾಯುವುದೊಂದೇ ಉಳಿಯುತ್ತದೆ.

"ಎಸ್ಕೊ ಹತ್ರ ಆಣೆ ಹಾಕಿಸ್ಕೊಂಡಿದ್ದು ನಾನು. ಅವನನ್ನ ಬೈಬೇಡ ಮಗಳೇ. ಪಾಪ, ಅವನಿಗೂ ಬಾಂಬು ಸಿಡಿದು ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಅವನೂ ಆ ಅರ್ಧ ಕಿವಿ ಜೊತೆಗೆ ನಿನ್ನ ತುಟಿ ನೋಡ್ಕೊಂಡೇ ಕೆಲ್ಸ ಮಾಡ್ತಿದ್ದ."

ಕಾಫಿ ಲೋಟದ ಮೇಲೆ ಬಗ್ಗಿದ್ದ ತನ್ನ ತಲೆ ಕೊಲೆಟ್‌ಗೆ ನೆನಪಾಯಿತು. ಅವನು ತಳ್ಳಿಹಾಕಿರಲಿಲ್ಲ. ಅವನಿಗೆ ಕೇಳಿಸಿರಲೇ ಇಲ್ಲ!

ಸಂತೋಷಪಡಬೇಕೋ ಸಿಟ್ಟಾಗಬೇಕೋ ತಿಳಿಯದೆ ಡೋರೀನ್ ಮುಂದೆ ಹೋಗಿ ಕೂತಳು. ಕೊಟ್ಟ ಒಂದು ಮಾತಿಗಾಗಿ ಎಸ್ಕೊ ಹೆಲಿಕಾಪ್ಟರ್ ಹಾರಲು ಬಿಟ್ಟನಲ್ಲ, ಕೆಲಸ ಹೋಗಲು ಬಿಟ್ಟನಲ್ಲ, ಎಂಥ ಮನುಷ್ಯ ಇವನು ಎಂದಳು.

"ನಮ್ಮ ಜನ ಹಾಗೇ" ಎಂದಳು ಡೋರೀನ್. "ಕಾಲೇ ಹೋಗಿದ್ರೂ ಷೂ ಸ್ವಲ್ಪ ಬಿಗಿ ಅಂತಾರೆ ಅಷ್ಟೇ. ಅದ್ಸರಿ, ನಿನ್ನ ಪ್ರಶ್ನೆಗಳಲ್ಲಿ 'ನಾನು ಹೇಳೋದು ಕೇಳಿಸ್ತಾ' ಅನ್ನೋದೇ ಇಲ್ವಲ್ಲ?"

ಇರಲಿಲ್ಲ. ಬಂದೂಕಿನ ಪಕ್ಕ ಬದುಕಿದವರಿಗಾಗಿ ಇಡೀ ಕಾರ್ಯಕ್ರಮ ಕಟ್ಟಿದವಳು ಅದೊಂದನ್ನು ಕೇಳಲು ಮರೆತಿದ್ದಳು. ಆ ದಿನ ಮೇಲಧಿಕಾರಿಗಳ ಎದುರು ಕೂತು, ಅರ್ಮಾಸ್‌ನ ಒಪ್ಪಿಗೆ ಪಡೆದು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ತನ್ನ ತಪ್ಪನ್ನು ಮೊದಲು, ಎಸ್ಕೊನದನ್ನು ಆಮೇಲೆ.

ಶನಿವಾರ ಅರ್ಮಾಸ್‌ನನ್ನು ತನ್ನ ಕಾರಿನಲ್ಲೇ ಊರಿಗೆ ಕರೆತಂದಳು. ಶ್ರವಣಯಂತ್ರ ಹಾಕಿಕೊಂಡರೆ ಲಾರಿ ಓಡಿಸುವ ಲೈಸೆನ್ಸು ಉಳಿಯುತ್ತದೆ ಎಂದು ಕಾರು ನಿಂತಲ್ಲೆಲ್ಲ ಅವನ ಕಡೆ ತಿರುಗಿ ತಿಳಿಹೇಳಿದಳು. ಅವನು ದಾರಿಯುದ್ದಕ್ಕೂ ಗೊಣಗಿದ.

ಎಸ್ಕೊ ಮನೆಯ ಮುಂದೆ ಹಿಮ ಎತ್ತುತ್ತಿದ್ದ. ಅರ್ಮಾಸ್ ಇಳಿದದ್ದು ನೋಡಿ ಓಡಿಬಂದು ತಬ್ಬಿಕೊಂಡ. ಮುದುಕ ಪಕ್ಕದ ತನ್ನ ಮನೆಯ ಕಡೆ ಹೊರಟ ಮೇಲೆ ಕೊಲೆಟ್‌ಳನ್ನು ನೋಡಿದ. ಪರದೆಯಾಚೆಯ ಮನುಷ್ಯ ಇಷ್ಟು ಎತ್ತರ ಇರಬಹುದೆಂದು ಅವಳು ಎಣಿಸಿರಲಿಲ್ಲ. ಅವಳು ಮಾತು ಶುರು ಮಾಡಿದಳು. ಸರೋವರದ ಗಾಳಿ ಭೋರೆನ್ನುತ್ತಿತ್ತು.

"ಒಳಗೆ ಬನ್ನಿ. ಈ ಗಾಳೀಲಿ ನನಗೇನೂ ಕೇಳಲ್ಲ" ಎಂದ ಎಸ್ಕೊ. ಮೊದಲ ಸಲ, ತಾನಾಗಿ.

ಒಳಗೆ ಒಲೆಯ ಪಕ್ಕ ಎದುರುಬದುರು ಕೂತರು. ಒಂದು ಮಾತು ಹೇಳಿಬಿಡಬಹುದಿತ್ತಲ್ಲ ಎಂದು ಕೊಲೆಟ್ ಕೇಳಿದಳು. ಗುಟ್ಟು ತನ್ನದಲ್ಲ, ಅರ್ಮಾಸ್‌ನದು, ತಾನು ಮಾತು ಕೊಟ್ಟಾಗಿತ್ತು ಎಂದ ಅವನು. ಮುಚ್ಚಿಟ್ಟದ್ದು ತಪ್ಪು, ಒಂದಲ್ಲ ಒಂದು ದಿನ ಯಾರದಾದರೂ ಜೀವಕ್ಕೆ ಕುತ್ತು ತರುತ್ತಿತ್ತು ಎಂದಳು. ಗೊತ್ತು, ಅದಕ್ಕೇ ನಿದ್ದೆ ಬರುತ್ತಿರಲಿಲ್ಲ ಎಂದ. ಇಬ್ಬರಲ್ಲೂ ವಾದಿಸುವ ಶಕ್ತಿ ಉಳಿದಿರಲಿಲ್ಲ.

ಕೆಲಸ ಹೋಗಿಲ್ಲ ಎಂದು ಕೊಲೆಟ್ ಹೇಳಿದಳು. ಕಿವಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸನ್ನೆ ಮಾಡುವುದಿದ್ದರೆ ಕ್ಯಾಮೆರಾದ ಮುಂದೆ, ಡಾಕ್ಟರಿಗೂ ಕಾಣುವ ಹಾಗೆ ಮಾಡಬೇಕು. ಎಸ್ಕೊನ ಹೆಗಲು ಸಡಿಲವಾಯಿತು.

"ಇನ್ನೊಂದು ವಿಷಯ. ಸೋಮವಾರದಿಂದ ನಿಮ್ಮ ಊರಿನ ಕರೆಗಳು ನನಗೆ ಬರಲ್ಲ. ಬೇರೆ ಡಾಕ್ಟರ್ ನೋಡ್ಕೋತಾರೆ. ನಿಮ್ಮ ಮೇಲ್ವಿಚಾರಣೇನೂ ಅವರದ್ದೇ."

ಅವನು ಅವಳ ತುಟಿಗಳನ್ನೇ ನೋಡುತ್ತಿದ್ದವನು, ತಪ್ಪಾಗಿ ಓದಿದೆನೇನೋ ಎಂಬಂತೆ ಮುಂದಕ್ಕೆ ಬಾಗಿದ. ಮುಖದಲ್ಲಿದ್ದ ಬೆಳಕೆಲ್ಲ ಆರಿಹೋಯಿತು.

"ಅಂದ್ರೆ ನೀವು ನನ್ನನ್ನ ನಂಬಲ್ಲ."

ಕೊಲೆಟ್ ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದುವರಿಸಿದ.

"ಶಿಕ್ಷೆ ಅಂದ್ರೆ ಇದೇ, ಡಾಕ್ಟರ್. ಕೆಲಸ ಹೋಗಿದ್ರೂ ಇಷ್ಟು ಅನಿಸ್ತಿರಲಿಲ್ಲ. ನಾನು ತುಟಿ ಓದೋಕೆ ಅಂತ ನಿಮ್ಮನ್ನ ನೋಡೋಕೆ ಶುರು ಮಾಡಿದ್ದು, ನಿಜ. ಆಮೇಲೆ ನೀವು ಸುಮ್ನೆ ಇದ್ದಾಗ್ಲೂ ನೋಡ್ತಿದ್ದೆ. ಲೈನ್ ಕೆಟ್ಟು ಪರದೆ ನಿಂತುಹೋದ್ರೆ ಎಲ್ಲರೂ ಬೈಕೋತಾರೆ. ನಾನು ಬೈಕೊಂಡಿಲ್ಲ. ನಿಮ್ಮ ಮುಖ ಹಾಗೇ ನಿಂತಿರ್ತಿತ್ತಲ್ಲ."

ಇಷ್ಟು ದಿನ ಮೋಸ ಹುಡುಕಿ ಹುಡುಕಿ ದಣಿದ ಕೊಲೆಟ್‌ಳ ಕಣ್ಣಲ್ಲಿ ನೀರು ತುಂಬಿತು.

"ಹುಚ್ಚ ನೀನು" ಎಂದಳು. 'ನೀವು' ಎಲ್ಲಿ ಬಿದ್ದುಹೋಯಿತೋ ಅವಳಿಗೇ ಗೊತ್ತಾಗಲಿಲ್ಲ. "ನಿನ್ನ ಮೇಲಧಿಕಾರಿ ಆಗಿದ್ಕೊಂಡು ನಿನ್ನ ಮನೆ ಊಟಕ್ಕೆ ಬರೋಕಾಗುತ್ತಾ? ಅದಕ್ಕೇ ಬಿಟ್ಟುಕೊಟ್ಟೆ."

ಎಸ್ಕೊ ಅರ್ಥ ಮಾಡಿಕೊಳ್ಳಲು ಸ್ವಲ್ಪ ಹೊತ್ತು ತೆಗೆದುಕೊಂಡ. ಆಮೇಲೆ ಗಡ್ಡದೊಳಗೆ ನಗು ಮೂಡಿತು.

ಅವಳು ಅವನ ಕೈ ಹಿಡಿದಳು. ದನಿಯನ್ನು ಪೂರ್ತಿ ನುಂಗಿಕೊಂಡು, ಬರೀ ತುಟಿಯಲ್ಲಿ ಹೇಳಿದಳು. 'ಆದ್ರೂ ನಿನ್ನ ಮೇಲೆ ನನಗೆ ಇನ್ನೂ ಅನುಮಾನ.'

"ಇರಲಿ" ಎಂದ ಎಸ್ಕೊ, ಒಂದಕ್ಷರವೂ ತಪ್ಪದೆ ಓದಿಕೊಂಡು. "ಹತ್ತಿರಾನೇ ಇದ್ದು ಕಾವಲು ಕಾಯಿ."

"ಎಷ್ಟು ದಿನ?"

"ಅನುಮಾನ ಹೋಗೋವರೆಗೆ."

"ನನ್ನ ಅನುಮಾನ ಅಷ್ಟು ಸುಲಭಕ್ಕೆ ಹೋಗಲ್ಲ, ಎಸ್ಕೊ."

"ಗೊತ್ತು" ಎಂದು ಅವನು ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡ. "ಅದೇ ಧೈರ್ಯದ ಮೇಲೆ ಕೇಳ್ತಿದ್ದೀನಿ."