ಹೊಳೆಗೆ ಬಿಟ್ಟ ಗುರಿಗೆ ಹೂ

"ಆ ಹೂವಿಗೆ ಅಷ್ಟೊಂದು ಬಿಂಕ ಯಾಕಂತೆ ಮೇಷ್ಟ್ರೇ? ಹನ್ನೆರಡು ವರ್ಷ ಕಾಯಿಸುತ್ತಂತಲ್ಲ!"

ಯದುಗಿರಿ ಹಾರ ಕಟ್ಟುತ್ತಲೇ ಕಣ್ಣೆತ್ತಿ ನಕ್ಕಳು. ಸೈನ್ಸ್ ಮೇಷ್ಟ್ರು ಪಾರ್ಥಸಾರಥಿ ಅವಳ ಮನೆಯ ಜಗಲಿಯ ಅಂಚಿನಲ್ಲಿ ಕೂತ. ಹೂವಿನ ಹೆಸರು ಕೇಳುವ ನೆಪದಲ್ಲಿ ಅವನು ಆ ಜಗಲಿಗೆ ಬರುವುದು ಬೇಲೂರಿನ ಆ ಬೀದಿಗೆಲ್ಲ ಗೊತ್ತಿತ್ತು. ಗೊತ್ತಿಲ್ಲದವರಂತೆ ಇದ್ದವರು ಅವಳಪ್ಪ, ದೇವಸ್ಥಾನಕ್ಕೆ ಹೂ ಒದಗಿಸುವ ವೆಂಕಟರಾಮಯ್ಯನವರು ಮಾತ್ರ.

"ಗುರಿಗೆ ಅನ್ನೋ ಆ ನೀಲಿ ಹೂ ಅಂದ್ರೆ ಸುಮ್ನೇನಾ? ಬಾಬಾಬುಡನ್‌ಗಿರಿ ನೆತ್ತೀಲಿ, ಮರಾನೇ ಇಲ್ಲದ ಹುಲ್ಲುಗುಡ್ಡದ ಮೇಲೆ ಬೆಳೆಯುತ್ತೆ. ಈ ಅರವತ್ತೆರಡನೇ ಇಸವಿ ಬಿಟ್ರೆ ಇನ್ನು ಎಪ್ಪತ್ನಾಲ್ಕಕ್ಕೇ. ಭಾನುವಾರ ಹೋಗ್ತಿದೀನಿ, ನಿಮಗೂ ತರ್ಲಾ?"

"ತನ್ನಿ. ಯಾರಿಗೆ ಬಿಂಕ ಜಾಸ್ತಿ, ನೋಡೋಣ."

ಭಾನುವಾರ ಕಳೆಯಿತು, ಇನ್ನೆರಡು ವಾರವೂ ಕಳೆಯಿತು. ಮೇಷ್ಟ್ರು ರಜಾ ಹಾಕಿ ತಮ್ಮೂರು ಅರಸೀಕೆರೆಗೆ ಹೋದರೆಂದು ಯಾರೋ ಹೇಳಿದರು. ಒಂದು ಮಾತು ಹೇಳಿ ಹೋಗಬಾರದಿತ್ತೇ ಎಂದು ಅವಳಿಗೆ ಅಳುವೇ ಬಂತು.

ಕಾರ್ತಿಕದಲ್ಲಿ ಅವನು ಬಂದ, ಕೈಯಲ್ಲಿ ಲಗ್ನಪತ್ರಿಕೆ ಹಿಡಿದು. ಅಪ್ಪ ಮನೆಯಲ್ಲಿರಲಿಲ್ಲ.

"ನಿಮ್ಮದಾ?"

"ನಂದೇ. ಇನ್ನು ಎಂಟು ದಿನ."

"ಗುರಿಗೆ ಹೂ ಕೊನೆಗೂ ತರ್ಲಿಲ್ಲ ನೀವು."

"ತಂದಿದ್ದೆನಲ್ಲ! ಎದುರಿಗೆ ಕೊಡೋ ಧೈರ್ಯ ಸಾಲದೆ, ಒಣಗಿಸಿ, ಪೇಪರಿನಲ್ಲಿ ಸುತ್ತಿ ಇಲ್ಲೇ ಜಗಲಿ ಮೇಲೆ ಇಟ್ಟಿದ್ದೆ. ಒಳಗೆ ಚೀಟಿ ಇತ್ತು. ನನ್ನನ್ನ ಒಪ್ಪೋದಾದ್ರೆ ಇಟ್ಕೊಳ್ಳಿ, ಇಲ್ದಿದ್ರೆ ವಾಪಸ್ ಕೊಡಿ ಅಂತ. ಮಾರನೇ ದಿನ ನೋಡಿದ್ರೆ ಅದನ್ನ ನೀವು ಯಗಚಿ ಹೊಳೆಗೆ ಬಿಡ್ತಿದ್ರಿ."

ಅಯ್ಯೋ ದೇವರೇ! ಬೀದಿಯವರೆಲ್ಲ ದೇವರ ಪಟದ ಬಾಡಿದ ಹೂವನ್ನು ಪೊಟ್ಟಣ ಕಟ್ಟಿ ಇದೇ ಜಗಲಿಯಲ್ಲಿಡುತ್ತಿದ್ದರು. ದೇವಸ್ಥಾನದ ನಿರ್ಮಾಲ್ಯದ ಜೊತೆ ಅದನ್ನೂ ಹೊಳೆಗೆ ಬಿಡುವುದು ಅವಳ ದಿನನಿತ್ಯದ ಕೆಲಸ. ಅವತ್ತೂ ಒಂದು ಪೊಟ್ಟಣದ ಮೂಲೆ ಬಿಡಿಸಿದ್ದಳು, ಒಣ ಹೂವಷ್ಟೇ ಕಂಡಿತ್ತು, ಬುಟ್ಟಿಗೆ ಹಾಕಿಕೊಂಡಿದ್ದಳು.

"ಚೀಟಿ ಓದಿದ್ರಾ ಯದುಗಿರಿ? ನಿಜ ಹೇಳಿ. ಓದಿಲ್ಲ ಅಂದ್ರೆ ನಾನು ಈ ಮದುವೇನ..."

ಅವಳು ಪತ್ರಿಕೆಯಲ್ಲಿದ್ದ ಹುಡುಗಿಯ ಹೆಸರು ನೋಡಿದಳು. ಕೋಮಲವಲ್ಲಿ. ಅರಿಸಿನ ಹಚ್ಚಿದ ಈ ಕಾಗದ ನೆಂಟರಿಷ್ಟರಿಗೆಲ್ಲ ಹೋಗಿಯಾಗಿದೆ. ಈಗ ಮದುವೆ ನಿಂತರೆ ಆ ಹುಡುಗಿಯನ್ನು ಇನ್ಯಾರು ಕೇಳುತ್ತಾರೆ?

"ಓದಿದ್ದೆ" ಎಂದಳು. "ವಾಪಸ್ ಕೊಡೋಕೆ ನಾಚಿಕೆಯಾಯ್ತು. ಅದಕ್ಕೇ ಹೊಳೆಗೆ ಬಿಟ್ಟೆ."

ಅವನು ತಲೆಯಾಡಿಸಿದ. ಮದುವೆಗೆ ಅಪ್ಪನನ್ನು ಕರಕೊಂಡು ತಪ್ಪದೇ ಬರುತ್ತೇನೆಂದು ಹೇಳಿ ಅವಳು ಮೆಟ್ಟಿಲವರೆಗೂ ಬಂದು ಕಳಿಸಿಕೊಟ್ಟಳು. ಬೀದಿ ತಿರುವಿನಲ್ಲಿ ಅವನು ತಿರುಗಿ ನೋಡಿದಾಗಲೂ ನಗುತ್ತಲೇ ನಿಂತಿದ್ದಳು.