ಖಾಲಿ ಜಾಗದ ಲೆಕ್ಕ

ಅವಳು ಎಸೆದ ಸ್ಟೀಲ್ ಫ್ಲಾಸ್ಕ್ ನೇರವಾಗಿ ಅವನ ಹುಬ್ಬಿಗೆ ಬಡಿಯಿತು.

ರಕ್ತ ಕಣ್ಣಿಗಿಳಿದರೂ ಅವನು ಕದಲಲಿಲ್ಲ. ತಂಡಕ್ಕೆ ಸೇರಿ ವಾರವಾಗಿತ್ತಷ್ಟೇ. ಅವಳೆದುರು ಬಾಯಿ ಬಿಟ್ಟದ್ದು ಇದೇ ಮೊದಲು. ಬಿಟ್ಟದ್ದೇ ತಡ, ಹಣೆ ಒಡೆಯಿತು ನೋಡಿ.

“ಇನ್ನೊಂದ್ಸಲ ಹೇಳಿ,” ಅವಳು ಹಲ್ಲು ಕಚ್ಚಿದಳು.

“ನಾನು ಒಪ್ಪಲ್ಲ. ಉತ್ತರ ಇವತ್ತು ತೆಗೆಯೋ ಹಾಗಿಲ್ಲ.”

ವಿಶ್ವ ಎಷ್ಟು ವೇಗವಾಗಿ ಹಿಗ್ಗುತ್ತಿದೆ ಎಂದು ಅಳೆಯಲು ಅವಳು ವರ್ಷಗಟ್ಟಲೆ ನಿದ್ದೆಗೆಟ್ಟಿದ್ದಳು. ಆ ತಂಡದಲ್ಲೊಂದು ಕಟ್ಟುನಿಟ್ಟು: ಕೊನೆಯ ಉತ್ತರವನ್ನು ಕಂಪ್ಯೂಟರ್ ಮುಚ್ಚಿಟ್ಟಿರುತ್ತದೆ. ಲೆಕ್ಕದ ವಿಧಾನ ಸರಿಯೆಂದು ಎಲ್ಲರೂ ಒಪ್ಪಿದ ಮೇಲೇ ತೆರೆಯಬೇಕು. ಇಲ್ಲದಿದ್ದರೆ ಬೇಕಾದ ಉತ್ತರಕ್ಕೆ ತಕ್ಕಂತೆ ಲೆಕ್ಕ ತಿರುಚುವ ಆಸೆ ಯಾರಿಗಾದರೂ ಬಂದೀತು. ಒಬ್ಬರು ಬೇಡವೆಂದರೂ ಮುಗಿಯಿತು.

ಬೇಡವೆಂದವನು ಎದುರಾಳಿ ತಂಡದಿಂದ ಬಂದವನು!

‘ಬೇಕಂತಲೇ ಕಳಿಸಿದಾರೆ... ನಮಗೆ ತಡ ಆಗ್ಲಿ, ಅವರದ್ದು ಮೊದಲು ಹೊರಗೆ ಬರ್ಲಿ ಅಂತ...’ ಸಿಟ್ಟಿಗೆ ಅವಳ ಕಣ್ಣು ತುಂಬಿ ಬಂತು.

ಗಲಾಟೆ ಕೇಳಿ ಪಕ್ಕದ ವರ್ಕ್‌ಶಾಪಿನಿಂದ ಅವಳ ಅಣ್ಣ ನುಗ್ಗಿದ. ಟೆಲಿಸ್ಕೋಪಿನ ಮೋಟಾರುಗಳನ್ನು ರಿಪೇರಿ ಮಾಡುವ ಆಸಾಮಿ. ಮೊದಲು ಕೈ, ಆಮೇಲೆ ಮಾತು. ತಂಗಿಯ ಕಣ್ಣೀರು ಕಂಡದ್ದೇ ಆ ಹೊಸಬನ ತೋಳು ತಿರುಚಿ ಮೇಜಿಗೆ ಕುಕ್ಕಿದ. ಕುರ್ಚಿ ಮುರಿಯಿತು. ಮೂಳೆಯೂ ಮುರಿಯಿತು. ಆ ಸದ್ದು ಕೋಣೆಯಲ್ಲಿದ್ದ ಎಲ್ಲರಿಗೂ ಕೇಳಿಸಿತು.

“ಈಗ ಒಪ್ತೀಯೇನೋ?”

ನೆಲಕ್ಕೆ ಬಿದ್ದವನು ಮುರಿದ ತೋಳು ಹಿಡಿದುಕೊಂಡ. “ಇಲ್ಲ... ನಾವಿರೋ ಕಡೆ ಗ್ಯಾಲಕ್ಸಿಗಳು ಕಡಿಮೆ. ಆಚೆ ಸುತ್ತಲೂ ದಟ್ಟವಾಗಿವೆ. ಅವು ಹತ್ತಿರದವನ್ನ ತಮ್ಮ ಕಡೆ ಎಳೀತವೆ... ಹತ್ತಿರದವು ನಮ್ಮಿಂದ ದೂರ ಓಡೋದು ಇನ್ನೂ ಜೋರಾಗಿ ಕಾಣತ್ತೆ. ಮೇಡಂ, ಎಲ್ಲಾ ಕಡೆ ಒಂದೇ ಸಮ ಇದೆ ಅಂದ್ಕೊಂಡು ನೀವು ಲೆಕ್ಕ ಹಾಕಿದೀರ.”



ಅವನನ್ನು ಆಸ್ಪತ್ರೆಗೆ ಹೊತ್ತೊಯ್ದರು. ಅವಳು ಗ್ಯಾಲಕ್ಸಿಗಳ ನಕ್ಷೆ ತೆರೆದಳು. ಹತ್ತಿರದಲ್ಲಿ ಬಿಕೋ ಎನ್ನುವ ಖಾಲಿ, ಆಚೆ ಗಿಜಿಗಿಜಿ. ಅವಳು ಅಳೆದ ಗ್ಯಾಲಕ್ಸಿಗಳಲ್ಲಿ ಹೆಚ್ಚಿನವು ಆ ಖಾಲಿಯೊಳಗೇ ಇದ್ದವು. ‘ಅಯ್ಯೋ, ಇಷ್ಟು ವರ್ಷ ಕಣ್ಣಿಗೆ ಬೀಳಲೇ ಇಲ್ವಲ್ಲ...’

“ಅಡ್ಡಗಾಲು ಹಾಕೋನು ಹೋದ. ತೆಗೆಯೋಣ್ವಾ?” ತಂಡದ ಹಿರಿಯರು ಕೇಳಿದರು.

ಉತ್ತರ ತೆರೆಯುವ ಗುಂಡಿ ಅವಳ ಬೆರಳ ಕೆಳಗೇ ಇತ್ತು. ಒತ್ತಿದರೆ ಹೆಸರು, ಕೀರ್ತಿ, ಎಲ್ಲ ಅವಳದೇ.

“ಬೇಡ ಸರ್. ನಾನೂ ಒಪ್ಪಲ್ಲ.”

ಆಸ್ಪತ್ರೆಯಲ್ಲಿ ಅವಳನ್ನು ಕಂಡಾಗ ಅವನ ಮೊದಲ ಮಾತೇ, “ತೆಗೆದ್ಬಿಟ್ರಾ?”

“ಇಲ್ಲ. ಮೊದಲಿಂದ ಲೆಕ್ಕ ಹಾಕ್ತೀನಿ.” ಅವಳಿಗೆ ದುಃಖ ಉಕ್ಕಿ ಬಂತು. “ನಿಮ್ಮ ಹಳೇ ತಂಡ ಗೆದ್ರೆ ಗೆಲ್ಲಲಿ.”

“ಅವರಿಗೂ ಇದನ್ನೇ ಹೇಳಿದ್ದೆ. ಅದಕ್ಕೇ ಹೊರಗೆ ಹಾಕಿದ್ರು. ನಿಮ್ಮ ಬರಹ ಎಲ್ಲಾ ಓದಿದ್ದೆ... ಇವರು ಕೇಳ್ತಾರೆ ಅನ್ನಿಸ್ತು. ಅದೊಂದೇ ಅಲ್ಲ... ಇರ್ಲಿ ಬಿಡಿ.” ಅವನ ಕಿವಿ ಕೆಂಪಾಯಿತು.

ಮೂಳೆ ಮುರಿದರೂ ಅವಳ ಕೆಲಸವನ್ನು ಕಾಯ್ದವನ ಮೇಲೆ ಅವಳಿಗೆ ಪ್ರೀತಿ ಹುಟ್ಟಿತ್ತು, ಅವಳಿಗೇ ಭಯವಾಗುವಷ್ಟು.

“ಅಣ್ಣ ತಾನಾಗೇ ಠಾಣೆಗೆ ಹೋಗಿದಾನೆ. ನನ್ನ ಮೇಲೂ ದೂರು ಕೊಡಿ. ಆದ್ರೆ ಇಲ್ಲಿಂದ ಹೋಗು ಅನ್ಬೇಡಿ... ನಂಗೆ ನೀವು ಬೇಕು.”

ಅವನು ಬಾಗಿಲ ಕಡೆ ನೋಡಿದ.

“ನರ್ಸ್ ಬಂದು ಮನೆಯವರು ಯಾರಿದಾರೆ ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ.”

ಅವಳು ಕಣ್ಣೊರೆಸಿಕೊಂಡು ಎದ್ದಳು.

“ಎಲ್ಲಿಗೆ?”

“ಇದಾರೆ ಅಂತ ಹೇಳಿ ಬರ್ತೀನಿ.”