ಕಣ್ಣಾರೆ ನೋಡಿದೆ ಅಂದವಳು

"ಬಿಡೋ! ನನ್ನ ತಮ್ಮನ್ನ ಬಿಡೋ!"

ಶಶಿರೇಖಾಳ ಕೈಯಲ್ಲಿದ್ದ ಕಬ್ಬಿಣದ ಪೈಪು ಬೀಸಿ ಬಂತು. ಎದುರಿಗಿದ್ದವನ ಮುಂಗೈ ಮೂಳೆ ಮುರಿದ ಸದ್ದು ಅವಳಿಗೇ ಕೇಳಿಸಿತು.

"ಅಯ್ಯೋ... ನಾನಲ್ಲ ಕಣ್ರೀ! ನಾನು ಬಿಡಿಸ್ತಿದ್ದೆ..."

ಅವಳು ಕೇಳಿಸಿಕೊಳ್ಳಲಿಲ್ಲ. ಇನ್ನೊಂದು ಏಟು ಭುಜಕ್ಕೆ ಬಿತ್ತು. ಹಸಿರು ಅಂಗಿಯವನು ಮಂಡಿಯೂರಿ ಕುಸಿದ. ಅವನ ಪಕ್ಕದಲ್ಲೇ ಅವಳ ತಮ್ಮ ಮುನೀಂದ್ರ ತಲೆಯೊಡೆದು ರಕ್ತದ ಮಡುವಿನಲ್ಲಿ ಬಿದ್ದಿದ್ದ.

"ಇವನೇ ಹೊಡ್ದಿದ್ದು! ನಾನೇ ನೋಡ್ದೆ, ಹಿಡೀರಿ ಇವನ್ನ!" ಎಂದು ಕೂಗಿದವನು ಪಿಳ್ಳಪ್ಪ. ಶಶಿರೇಖಾಳ ದೊಡ್ಡಪ್ಪನ ಮಗ.

ಅಷ್ಟು ಸಾಕಾಯಿತು. ಕೊಡಿಗೇಹಳ್ಳಿಯ ಆ ರಸ್ತೆಯಲ್ಲಿದ್ದ ಜನರೆಲ್ಲ ಅಕ್ಕ-ತಮ್ಮನ ಪೈಪಿನ ಅಂಗಡಿಯೊಳಕ್ಕೆ ನುಗ್ಗಿದರು. ಚಪ್ಪಲಿ, ಹೆಲ್ಮೆಟ್, ಕೈ, ಕಾಲು... ಪೊಲೀಸರು ಬರುವಷ್ಟರಲ್ಲಿ ಹಸಿರು ಅಂಗಿಯ ಬಣ್ಣವೇ ಉಳಿದಿರಲಿಲ್ಲ.

"ಮೇಡಂ, ನೀವು ಕಣ್ಣಾರೆ ನೋಡಿದ್ರಾ?" ಇನ್ಸ್‌ಪೆಕ್ಟರ್ ಕೇಳಿದರು.

ಶಶಿರೇಖಾ ಕಣ್ಣು ಮಿಟುಕಿಸಿದಳು. ಅವಳ ಕಣ್ಣೆದುರು ಎಲ್ಲವೂ ಹಾಲಿನಲ್ಲಿ ಅದ್ದಿದಂತೆ ಬೆಳ್ಳಗಿತ್ತು.

"ನೋಡಿದೆ," ಎಂದಳು.

ಅವಳಿಗೆ ಹತ್ತೊಂಬತ್ತನೇ ವಯಸ್ಸಿನಲ್ಲೇ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಮುಂದಕ್ಕೆ ಉಬ್ಬುತ್ತಾ ಹೋಗಿತ್ತು. ಕನ್ನಡಕ ಕೆಲಸಕ್ಕೆ ಬರುತ್ತಿರಲಿಲ್ಲ. ಕೊನೆಗೆ ಡಾಕ್ಟರು ಕೊಟ್ಟದ್ದು ದೊಡ್ಡದಾದ ಗಟ್ಟಿ ಲೆನ್ಸು. ಅದರ ಬಟ್ಟಲಿನಂಥ ಹೊಟ್ಟೆಗೆ ಶುದ್ಧವಾದ ಸಲೈನ್ ತುಂಬಿ, ತಲೆ ಬಗ್ಗಿಸಿ, ಗುಳ್ಳೆ ಬಾರದಂತೆ ಕಣ್ಣಿಗೆ ಕೂರಿಸಬೇಕು. ಹಾಕಿದ ತಕ್ಷಣ ಲೋಕವೇ ಥಳಥಳ! ಆದರೆ ಗಂಟೆಗಳು ಕಳೆದಂತೆ ಒಳಗಿನ ನೀರು ಕದಡಿ ಮಂಜು ಕವಿಯುತ್ತಿತ್ತು. ನಾಲ್ಕು ಗಂಟೆಗೊಮ್ಮೆ ತೆಗೆದು, ತೊಳೆದು, ಹೊಸ ಸಲೈನ್ ತುಂಬಿ ಹಾಕಿಕೋ ಎಂದು ಡಾಕ್ಟರು ಹೇಳಿದ್ದರು.

"ಯಾರ ಮುಂದೆನೂ ತೆಗೀಬೇಡ ಕಣೇ," ಎಂದು ತಾಯಿ ಗೋಪಾಲಮ್ಮ ಹೇಳಿದ್ದಳು. "ಕಣ್ಣು ಸರಿಯಿಲ್ಲ ಅಂತ ಗೊತ್ತಾದ್ರೆ ಯಾರು ಮದ್ವೆ ಆಗ್ತಾರೆ?"

ಆ ದಿನ ಪೈಪಿನ ಅಂಗಡಿಯಲ್ಲಿ ಗಿರಾಕಿಗಳು ತುಂಬಿದ್ದರು. ಬೆಳಿಗ್ಗೆ ಎಂಟಕ್ಕೆ ಹಾಕಿದ ಲೆನ್ಸನ್ನು ಮಧ್ಯಾಹ್ನ ಎರಡಾದರೂ ಅವಳು ತೆಗೆದಿರಲಿಲ್ಲ. ತಮ್ಮನ ಚೀರಾಟ ಕೇಳಿ ಗೋದಾಮಿನಿಂದ ಓಡಿ ಬಂದಾಗ ಕಂಡದ್ದು ಒಂದು ಹಸಿರು ಆಕಾರ, ಅದರ ಕೈಯಲ್ಲೊಂದು ರಾಡು. ಅಷ್ಟೇ.

ಮೂರನೇ ದಿನ ಆಸ್ಪತ್ರೆಯಲ್ಲಿ ಮುನೀಂದ್ರ ಕಣ್ಣು ತೆರೆದ. ನಾಲಿಗೆ ತೊದಲುತ್ತಿತ್ತು.

"ಅಕ್ಕಾ... ಹಸಿರು ಶರ್ಟು... ಅವ್ನು ಹೆಂಗಿದ್ದಾನೆ?"

"ಆ ಪಾಪಿ ಒಳಗಿದ್ದಾನೆ ಬಿಡು!"

"ಅವ್ನಲ್ಲ ಅಕ್ಕಾ... ಪಿಳ್ಳಪ್ಪ... ಅಂಗಡಿ ಜಾಗ ಬರ್ಕೊಡು ಅಂತ ಹೊಡ್ದಿದ್ದು ಪಿಳ್ಳಪ್ಪ. ಹಸಿರು ಶರ್ಟಿನವ್ನು ಬೋಲ್ಟ್ ತಗೊಳೋಕೆ ಬಂದಿದ್ದ... ರಾಡ್ ಕಿತ್ಕೊಂಡ. ಇಲ್ದಿದ್ರೆ ನಾನು..."



'ದೇವರೇ... ನಾನು ಯಾರ ಕೈ ಮುರಿದೆ?'

ಶಶಿರೇಖಾ ಎದ್ದು ನಿಂತಳು. ಗೋಪಾಲಮ್ಮ ಅಡ್ಡ ಬಂದಳು.

"ಎಲ್ಲಿಗೆ? ಮುನೀಂದ್ರ ಚೇತರಿಸ್ಕೊಂಡು ಅವ್ನೇ ಹೇಳ್ಲಿ. ನಿನ್ನ ಕಣ್ಣಿನ ವಿಷ್ಯ ಯಾಕೆ ಊರಿಗೆಲ್ಲ?"

"ಅಲ್ಲೀವರ್ಗೂ ಅವ್ರು ಒಳಗೇ ಕೊಳೀಬೇಕೇನಮ್ಮ? ದಾರಿ ಬಿಡು!"

ಠಾಣೆಯಲ್ಲಿ ಎಲ್ಲರೆದುರು ಅವಳು ಲೆನ್ಸಿಗೆ ಅಂಟಿಕೊಳ್ಳುವ ಪುಟ್ಟ ರಬ್ಬರ್ ಕಡ್ಡಿಯಿಂದ ಅದನ್ನು ಎಳೆದು ಅಂಗೈಯಲ್ಲಿಟ್ಟು ತೋರಿಸಿದಳು.

"ಸರ್, ಆವತ್ತು ಇದು ಪೂರ್ತಿ ಮಂಜಾಗಿತ್ತು. ನನಗೆ ಮುಖ ಕಾಣ್ಲಿಲ್ಲ. ಆದ್ರೂ ನೋಡಿದೆ ಅಂತ ಹೇಳ್ದೆ. ಕೇಸ್ ಹಾಕೋದಾದ್ರೆ ನನ್ನ ಮೇಲೆ ಹಾಕಿ."

ಅವತ್ತೇ ಆಸ್ಪತ್ರೆಗೆ ಹೋದ ಇನ್ಸ್‌ಪೆಕ್ಟರ್ ಮುನೀಂದ್ರನ ಹೇಳಿಕೆ ಪಡೆದರು. ಸಂಜೆ ಪಿಳ್ಳಪ್ಪನ ಬಂಧನವಾಯಿತು. ಮರುದಿನ ಸಿದ್ದು ಹೊರಬಂದ. ಹಸಿರು ಅಂಗಿಯವನ ಹೆಸರು ಅದು. ತಣಿಸಂದ್ರದ ಅಪಾರ್ಟ್‌ಮೆಂಟುಗಳಲ್ಲಿ ಲಿಫ್ಟ್ ಮೆಕ್ಯಾನಿಕ್. ಬಲಗೈಗೆ ಪ್ಲಾಸ್ಟರ್, ಒಡೆದ ತುಟಿ, ಊದಿಕೊಂಡ ಕಣ್ಣು.

"ಕ್ಷಮಿಸಿ..." ಶಶಿರೇಖಾಳ ದನಿ ಒಡೆಯಿತು. "ಲೆನ್ಸ್ ಮಂಜಾಗಿತ್ತು..."

"ನೀವು ಹೊಡೆದಿದ್ದು ಲೆನ್ಸಿನ ತಪ್ಪಿರಬಹುದು," ಸಿದ್ದು ತಣ್ಣಗೆ ಹೇಳಿದ. "ಆದ್ರೆ ನೋಡಿದ್ರಾ ಅಂತ ಕೇಳ್ದಾಗ ಹೂಂ ಅಂದಿದ್ದು? ಅದು ಯಾರ ತಪ್ಪು?"

 ಅವನು ನೋವಿನ ಕಾಲೆಳೆದುಕೊಂಡು ಹೊರಟುಹೋದ.

ಒಬ್ಬನೇ ಇರುವವನು, ಮುರಿದ ಕೈಯವನು, ಅಡುಗೆ ಹೇಗೆ ಮಾಡಿಕೊಳ್ಳುತ್ತಾನೆ? ಆ ಯೋಚನೆ ಅವಳನ್ನು ನಿದ್ದೆ ಮಾಡಲು ಬಿಡಲಿಲ್ಲ. ಠಾಣೆಯಲ್ಲಿ ವಿಳಾಸ ಕೇಳಿ, ಮರುದಿನದಿಂದ ತಣಿಸಂದ್ರದ ಅವನ ಕೋಣೆಯ ಬಾಗಿಲಲ್ಲಿ ಊಟದ ಕ್ಯಾರಿಯರ್ ಇಟ್ಟು ಬರತೊಡಗಿದಳು. ಬಾಗಿಲು ತೆರೆಯುತ್ತಿರಲಿಲ್ಲ. ಮೊದಮೊದಲು ಊಟ ಹಾಗೇ ಉಳಿಯಿತು. ಐದನೇ ದಿನ ಡಬ್ಬಿ ಖಾಲಿಯಾಗಿತ್ತು. ಹತ್ತನೇ ದಿನ ಅದರೊಳಗೊಂದು ಚೀಟಿ, ಎಡಗೈಯ ಸೊಟ್ಟ ಅಕ್ಷರ.

'ಸಾರಿಗೆ ಉಪ್ಪು ಜಾಸ್ತಿ.'

ಶಶಿರೇಖಾ ಆ ಮೆಟ್ಟಿಲ ಮೇಲೆಯೇ ಕುಳಿತು ನಕ್ಕಳು... ಅತ್ತಳು.

ಮತ್ತೊಂದು ದಿನ ಮಂಜು ಕವಿದ ಕಣ್ಣಲ್ಲಿ ಮೆಟ್ಟಿಲು ತಪ್ಪಿ ಎಡವಿದಳು. ಸದ್ದಿಗೆ ಬಾಗಿಲು ತೆರೆಯಿತು.

"ಒಳಗೆ ಬನ್ನಿ. ಮೊದ್ಲು ಆ ಲೆನ್ಸ್ ತೊಳೀರಿ," ಎಂದ ಸಿದ್ದು.

ಅವಳು ಲೆನ್ಸ್ ತೆಗೆದು ತೊಳೆದು ಸಲೈನ್ ತುಂಬಿದಳು. ಅವನು ಎಡಗೈಯಲ್ಲಿ ಕನ್ನಡಿ ಹಿಡಿದು ನಿಂತ.

"ನೋವಾಗಲ್ವಾ?"

"ನೋವಿಲ್ಲ... ನಾಚಿಕೆ. ಅದಕ್ಕೇ ಆವತ್ತೂ ತೆಗೀಲಿಲ್ಲ."

 ಆಮೇಲೆ ಆ ಬಾಗಿಲು ಅವಳಿಗೆ ಮತ್ತೆ ಮುಚ್ಚಲಿಲ್ಲ.

ಒಂದು ತಿಂಗಳಿಗೆ ಪಿಳ್ಳಪ್ಪ ಜಾಮೀನಿನ ಮೇಲೆ ಬಂದ. ಬಂದವನು ನೇರವಾಗಿ ಅಂಗಡಿಗೇ ನುಗ್ಗಿದ. ಶಶಿರೇಖಾ ಆಗಷ್ಟೇ ಒಂದು ಕಣ್ಣಿನ ಲೆನ್ಸ್ ತೆಗೆದಿದ್ದಳು. ಇನ್ನೊಂದು ಕದಡಿತ್ತು.

"ಕುರುಡಿ! ನನ್ನೇ ಒಳಗೆ ಹಾಕಿಸ್ತೀಯಾ?"

ಅವಳ ಜಡೆ ಹಿಡಿದು ತಲೆಯನ್ನು ಕಬ್ಬಿಣದ ಕಪಾಟಿಗೆ ಬಡಿದ. ಕಪಾಟಿನ ಪೈಪುಗಳು ದಡಬಡ ಉರುಳಿದವು. ಇನ್ನೊಂದು ಕೈ ಕುತ್ತಿಗೆಗೆ ಬಿತ್ತು. ಉಸಿರು ಕಟ್ಟಿತು...

ಅಷ್ಟರಲ್ಲಿ ಬಾಗಿಲಲ್ಲಿ ಕ್ಯಾರಿಯರ್ ಬಿದ್ದ ಸದ್ದು. ಹಿಂದಿರುಗಿಸಲು ಬಂದಿದ್ದ ಸಿದ್ದು ಪಿಳ್ಳಪ್ಪನ ಮೇಲೆ ಹಾರಿದ. ಇಬ್ಬರೂ ನೆಲಕ್ಕೆ ಉರುಳಿದರು. ಗುದ್ದು, ಬೈಗುಳ, ಪ್ಲಾಸ್ಟರ್ ಒಡೆದ ಸದ್ದು. ಶಶಿರೇಖಾ ಪೈಪ್ ಎತ್ತಿಕೊಂಡಳು. ಕಣ್ಣ ಮುಂದೆ ಎರಡು ಮಸುಕು ಆಕಾರಗಳು!

ಎತ್ತಿದ ಕೈ ಅಲ್ಲೇ ನಿಂತಿತು.

"ಸಿದ್ದು! ಮಾತಾಡಿ! ಯಾವ ಕಡೆ ಇದ್ದೀರಾ?"

"ಕೆಳಗೆ! ನಾನು ಕೆಳಗಿದ್ದೀನಿ... ಹೊಡೀರಿ!"

ಮೇಲಿನ ಆಕಾರದ ಬೆನ್ನಿಗೆ ಪೈಪು ಅಪ್ಪಳಿಸಿತು. ಪಿಳ್ಳಪ್ಪ ಅರಚುತ್ತ ಮಗುಚಿಬಿದ್ದ. ಹೊರಳಾಟದಲ್ಲಿ ಅವನು ಹೊರತೆಗೆದಿದ್ದ ಚಾಕು ಕೈಯಿಂದ ಜಾರಿತು. ಜನ ಓಡಿಬಂದರು. ಈ ಸಲ ಯಾರನ್ನು ಹಿಡಿಯಬೇಕೆಂದು ಅವಳು ಹತ್ತಿರ ಹೋಗಿ, ಮುಖ ನೋಡಿ, ಹೇಳಿದಳು; ಜನ ಪಿಳ್ಳಪ್ಪನನ್ನು ಹಿಡಿದುಕೊಂಡರು.

ಪೊಲೀಸರು ಅವನನ್ನು ಕರೆದೊಯ್ದರು, ಜನ ಚದುರಿದರು. ಸಿದ್ದುವಿನ ಹಣೆಯಿಂದ ರಕ್ತ ಸೋರುತ್ತಿತ್ತು. ಶಶಿರೇಖಾಳ ಕುತ್ತಿಗೆಯಲ್ಲಿ ಐದು ಬೆರಳಿನ ಗುರುತು. ಅವಳು ಉಳಿದ ಲೆನ್ಸನ್ನೂ ತೆಗೆದು, ತನ್ನ ಸೆರಗು ಹರಿದು ಅವನ ಹಣೆಗೆ ಕಟ್ಟಿದಳು.

"ಆಸ್ಪತ್ರೆಗೆ ಹೋಗೋಣ, ಏಳಿ."

"ಆಟೋ ಬರ್ಲಿ. ಒಂದ್ ಮಾತಿದೆ." ಸಿದ್ದು ಏದುಸಿರು ಬಿಡುತ್ತಿದ್ದ. "ನೀವು ಹೂಂ ಅಂದಿದ್ದನ್ನ ಮರೆಯೋಕಾಗ್ಲಿಲ್ಲ ನಂಗೆ. ಆದ್ರೆ ಠಾಣೇಲಿ ಅಷ್ಟು ಜನರ ಮುಂದೆ ಲೆನ್ಸ್ ತೆಗೆದು ಸುಳ್ಳು ಹೇಳ್ದೆ ಅಂದ್ರಂತಲ್ಲ... ಅದನ್ನೂ ಮರೆಯೋಕಾಗ್ತಿಲ್ಲ. ನಂಗೆ ನೀವು ಬೇಕು, ಶಶಿ."

ಅವಳ ಕಣ್ಣಿಂದ ನೀರು ದಳದಳ ಇಳಿಯಿತು.

"ಆ ಸಲೈನ್ ಬಾಟ್ಲಿ ಕೊಡ್ಲಾ?" ಎಂದ ಸಿದ್ದು.

"ಮೊದ್ಲು ಕೈ ತೊಳ್ಕೊಳಿ. ರಕ್ತದ ಕೈಯಲ್ಲಿ ಮುಟ್ಟಬಾರದು."

ಇಬ್ಬರೂ ಒಂದೇ ನಲ್ಲಿಯಡಿ ಕೈ ತೊಳೆದುಕೊಂಡರು. ಅವಳು ತೊಳೆದು ಹಿಡಿದ ಲೆನ್ಸಿಗೆ ಎಡಗೈಯಿಂದ ಅವನೇ ಸಲೈನ್ ಸುರಿದ. ತಲೆ ಬಗ್ಗಿಸಿ ಲೆನ್ಸ್ ಕೂರಿಸಿಕೊಂಡು ಅವಳು ಮುಖವೆತ್ತಿದಳು. ರೆಪ್ಪೆ ಬಡಿಯದೆ ನೋಡಿದಳು.

"ಏನ್ ಹಂಗ್ ನೋಡ್ತಿದ್ದೀರಾ?" ಅವನು ನಾಚಿದ.

"ಸುಮ್ನಿರಿ. ನಾಲ್ಕು ಗಂಟೆ ಟೈಮಿದೆ. ಸರಿಯಾಗಿ ನೋಡ್ಕೋಬೇಕು."

"ಆಮೇಲೆ?"

"ಆಮೇಲೆ ತೊಳೆದು... ಮತ್ತೆ ನೋಡ್ತೀನಿ."